ವರ್ತಕರ ಬಂದರಿನಲ್ಲಿ ಎರಡು ದಿನ: ಹಡಗೇರುವ ಮುನ್ನ ಕೋಪನ್‌ಹೇಗನ್

ಡೆನ್ಮಾರ್ಕ್ ದೇಶದ ರಾಜಧಾನಿ ಕೋಪನ್‌ಹೇಗನ್‌ನ ಹೆಸರನ್ನು ಡೇನಿಷ್ ಭಾಷೆಯಲ್ಲಿ ಬಿಡಿಸಿ ನೋಡಿದರೆ ‘ವರ್ತಕರ ಬಂದರು’ ಎಂಬ ಅರ್ಥ ದೊರೆಯುತ್ತದೆ. ದೇವರ ಹೆಸರಿನಿಂದಲೋ ದೊರೆಯ ಹೆಸರಿನಿಂದಲೋ ಕರೆಯಲ್ಪಡುವ ರಾಜಧಾನಿಗಳು ಜಗತ್ತಿನಲ್ಲಿ ಸಾಕಷ್ಟಿವೆ. ವ್ಯಾಪಾರಿಯ ಹೆಸರನ್ನೇ ಹೊತ್ತ ರಾಜಧಾನಿ ವಿರಳ. ಹೀಗಿದ್ದೂ ನಮ್ಮ ಕಡೆಯಿಂದ ವಿಹಾರ ನೌಕೆಯ ಪ್ರವಾಸಕ್ಕೆ ಹೋಗುವವರಲ್ಲಿ ಬಹುಮಂದಿ ಈ ನಗರವನ್ನು ಬರಿಯ ಬಸ್ ನಿಲ್ದಾಣದಂತೆ ಬಳಸುತ್ತಾರೆ. ಬೆಳಿಗ್ಗೆ ವಿಮಾನ ಇಳಿದು ಮಧ್ಯಾಹ್ನ ಹಡಗು ಹತ್ತಿಬಿಡುತ್ತಾರೆ. 2025ರ ಜೂನ್ ತಿಂಗಳಿನಲ್ಲಿ ನಾರ್ವೆಯ ಕಡಲಗಣಿವೆಗಳತ್ತ ಹೊರಟ ನಮ್ಮ ಹದಿನಾಲ್ಕು ಮಂದಿಯ ತಂಡದಲ್ಲಿಯೂ ಈ ಬಗ್ಗೆ ಚರ್ಚೆ ನಡೆಯಿತು. ಎರಡು ರಾತ್ರಿಯ ಹೋಟೆಲ್ ಖರ್ಚು ಏಕೆಂಬುದು ಕೆಲವರ ವಾದ. ಕೊನೆಗೆ ಹತ್ತು ಮಂದಿ ಎರಡು ದಿನ ಮುಂಚಿತವಾಗಿ ಹೋದೆವು. ಒಂದು ಕುಟುಂಬದ ನಾಲ್ವರು ಹಡಗು ಹೊರಡುವ ದಿನವೇ ಬಂದಿಳಿಯುವುದಾಗಿ ತೀರ್ಮಾನಿಸಿದರು. ಅವರ ಕಥೆಯನ್ನು ಮುಂದೆ ಹೇಳುತ್ತೇನೆ.

ವಿಮಾನ ನಿಲ್ದಾಣದಿಂದ ನಗರದ ನಡುಮಧ್ಯಕ್ಕೆ ಮೆಟ್ರೋದಲ್ಲಿ ಕಾಲು ಗಂಟೆಯ ಹಾದಿ. ಈ ಮೆಟ್ರೋ ರೈಲುಗಳಿಗೆ ಚಾಲಕರಿಲ್ಲ. 2002ರಲ್ಲಿ ಆರಂಭವಾದಾಗಿನಿಂದಲೂ ಅವು ಚಾಲಕರಹಿತವಾಗಿಯೇ ಓಡುತ್ತಿವೆ, ರಾತ್ರಿಯಿಡೀ ಓಡುತ್ತವೆ. ಮುಂದಿನ ಗಾಜಿನ ಬಳಿ ಚಾಲಕನ ಸ್ಥಾನದಲ್ಲಿ ಕುಳಿತುಕೊಳ್ಳಲು ಮಕ್ಕಳಿಗಿಂತ ನಮ್ಮ ತಂಡದ ಹಿರಿಯರೇ ಮುಗಿಬಿದ್ದರು. ಡೆನ್ಮಾರ್ಕ್ ಯೂರೋಪಿಯನ್ ಒಕ್ಕೂಟದ ಸದಸ್ಯ ರಾಷ್ಟ್ರವಾದರೂ 2000ದ ಜನಮತಗಣನೆಯಲ್ಲಿ ಯೂರೋ ನಾಣ್ಯವನ್ನು ತಿರಸ್ಕರಿಸಿತು. ಆದ್ದರಿಂದ ಇಲ್ಲಿ ಚಲಾವಣೆಯಲ್ಲಿರುವುದು ಕ್ರೋನ್. ನಗದು ಹಣದ ಅಗತ್ಯ ಬಹುತೇಕ ಬೀಳುವುದೇ ಇಲ್ಲ, ಕಾರ್ಡ್ ಸಾಕು. ಬೆಲೆ ಮಾತ್ರ ಎದೆ ಝಲ್ಲೆನ್ನಿಸುವಂಥದ್ದು. ಇಲ್ಲಿನ ಮೌಲ್ಯವರ್ಧಿತ ತೆರಿಗೆ ಶೇ. 25. ಅದೂ ಬಹುತೇಕ ಎಲ್ಲ ಸರಕುಗಳಿಗೂ ಒಂದೇ ದರ. ಅಕ್ಕಿಗೊಂದು, ಬಿಸ್ಕತ್ತಿಗೊಂದು ಎಂಬ ಹಂತಗಳಿಲ್ಲ. ಚೀಟಿಯಲ್ಲಿ ಬರೆದ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಜಿ.ಎಸ್.ಟಿ. ದರಪಟ್ಟಿಯ ಸೂಕ್ಷ್ಮಗಳಲ್ಲಿ ತಲೆ ಕೆಡಿಸಿಕೊಂಡಿರುವ ನಮ್ಮ ಸದಸ್ಯರು ಈ ಸರಳತೆಗೆ ಅಸೂಯೆಪಟ್ಟರೆ ಆಶ್ಚರ್ಯವಿಲ್ಲ, ದರಕ್ಕೆ ಮಾತ್ರ ಯಾರೂ ಅಸೂಯೆಪಡಲಾರರು.

ಸುಟ್ಟ ಮನೆಯ ಮುಂದೆ

ನಗರದಲ್ಲಿ ನಾವು ಮೊದಲು ನೋಡಹೋದದ್ದು ಜಲಕನ್ಯೆಯ ಪ್ರತಿಮೆಯನ್ನಲ್ಲ, ಬೋರ್ಸೆನ್ ಎಂಬ ಹಳೆಯ ವಿನಿಮಯ ಭವನವನ್ನು. ನೋಡಲು ಸಿಕ್ಕಿದ್ದು ಅದರ ಅರ್ಧವನ್ನು ಮಾತ್ರ, ಅದೂ ಅಟ್ಟಣಿಗೆಯ ಮರೆಯಲ್ಲಿ.

ನಾಲ್ಕನೆಯ ಕ್ರಿಶ್ಚಿಯನ್ ಎಂಬ ದೊರೆ 1619ರಲ್ಲಿ ಈ ಕಟ್ಟಡದ ಕೆಲಸವನ್ನು ಆರಂಭಿಸಿದ. ಉತ್ತರ ಯೂರೋಪಿನ ವ್ಯಾಪಾರವನ್ನು ತನ್ನ ರಾಜಧಾನಿಗೆ ಸೆಳೆಯಬೇಕೆಂಬುದು ಅವನ ಹಂಬಲ. ಆಮ್‌ಸ್ಟರ್‌ಡ್ಯಾಮಿನ ವರ್ತಕರು ಅವನ ಕಣ್ಣು ಕುಕ್ಕಿಸಿದ್ದರು. ಕೆಳಗೆ ಮಳಿಗೆಗಳು, ಮೇಲೆ ವಿಶಾಲವಾದ ಹಜಾರ, ಎರಡೂ ಪಕ್ಕಕ್ಕೆ ನೀರು, ಹಡಗಿನಿಂದ ಇಳಿದ ಸರಕು ನೇರವಾಗಿ ಮಾರಾಟಕ್ಕೆ. ತುದಿಯಲ್ಲಿ ನಾಲ್ಕು ಡ್ರ್ಯಾಗನ್‌ಗಳ ಬಾಲಗಳು ಒಂದಕ್ಕೊಂದು ಹೆಣೆದು ಮೇಲೇರಿದಂತಹ, 56 ಮೀಟರ್ ಎತ್ತರದ ಶಿಖರ. ಪಕ್ಕದ ಕ್ರಿಶ್ಚಿಯನ್ಸ್‌ಬೋರ್ಗ್ ಅರಮನೆ 1794ರಲ್ಲಿಯೂ 1884ರಲ್ಲಿಯೂ ಬೆಂಕಿಗೆ ಆಹುತಿಯಾದಾಗ ಬೋರ್ಸೆನ್ ಪಾರಾಯಿತು. ಡ್ರ್ಯಾಗನ್‌ಗಳೇ ಕಾಪಾಡಿದವೆಂದು ಊರವರು ನಂಬಿದರು.

ನಮ್ಮಂತಹ ಸಂಸ್ಥೆಗಳ ಸದಸ್ಯರಿಗೆ ಮುಖ್ಯವಾದ ಸಂಗತಿ ಇದರ ಒಡೆತನದ್ದು. 1857ರಲ್ಲಿ ಏಳನೆಯ ಫ್ರೆಡರಿಕ್ ದೊರೆ ಈ ಭವನವನ್ನು ಕೋಪನ್‌ಹೇಗನ್ನಿನ ಸಗಟು ವರ್ತಕರ ಸಂಘಕ್ಕೆ 70,000 ರಿಗ್ಸ್‌ಡಾಲರ್‌ಗಳಿಗೆ ಮಾರಿದ. ಆ ಸಂಘವೇ ಬೆಳೆದು, ಹೆಸರು ಬದಲಾಯಿಸಿ, ಇಂದಿನ ಡೆನ್ಮಾರ್ಕ್ ವಾಣಿಜ್ಯ ಮಂಡಳಿಯಾಗಿದೆ. ಷೇರು ವಿನಿಮಯದ ವ್ಯವಹಾರ 1974ರಲ್ಲಿ ಬೇರೆ ಕಡೆಗೆ ಹೋಯಿತಾದರೂ ಕಟ್ಟಡ ವರ್ತಕರ ಕೈಯಲ್ಲಿಯೇ ಉಳಿಯಿತು. ಅಂದರೆ, ಇದು ರಾಜನೊಬ್ಬ ಕಟ್ಟಿಸಿದ, ನೂರರವತ್ತಕ್ಕೂ ಹೆಚ್ಚು ವರ್ಷಗಳಿಂದ ಒಂದು ವಾಣಿಜ್ಯ ಮಂಡಳಿಯು ತನ್ನ ಹಣದಿಂದ ಕಾಪಾಡಿಕೊಂಡು ಬಂದ ಮನೆ.

2024ರ ಏಪ್ರಿಲ್ 16ರಂದು ಬೆಳಿಗ್ಗೆ ಆ ಮನೆಗೆ ಬೆಂಕಿ ಬಿತ್ತು. ನಾನೂರು ವರ್ಷಗಳ ಸ್ಮರಣೆಗಾಗಿ ದುರಸ್ತಿ ಕಾರ್ಯ ನಡೆಯುತ್ತಿದ್ದ ಕಾಲ ಅದು. ಸುತ್ತಲೂ ಅಟ್ಟಣಿಗೆ ಇತ್ತು. ತಾಮ್ರದ ಹೊದಿಕೆಯ ಮಾಡಿನ ಕೆಳಗಿನ ಹಳೆಯ ಮರ ಹೊತ್ತಿಕೊಂಡಿತು. ಶಿಖರ ಉರಿಯುತ್ತಲೇ ಬೀದಿಗೆ ಉರುಳಿತು. ಎರಡು ದಿನಗಳ ನಂತರ ಹೊರಗೋಡೆಯ ಒಂದು ಭಾಗವೂ ಕುಸಿಯಿತು. ಕಟ್ಟಡದ ಸುಮಾರು ಅರ್ಧ ನಾಶವಾಯಿತು.

ಅಂದು ಬೆಳಿಗ್ಗೆ ಅಗ್ನಿಶಾಮಕರ ಜೊತೆ ಮಂಡಳಿಯ ನೌಕರರು, ದಾರಿಹೋಕರು ಕೂಡ ಚಿತ್ರಪಟಗಳನ್ನು, ಪೀಠೋಪಕರಣಗಳನ್ನು ಹೊತ್ತು ಹೊರಗೆ ತಂದರು. ಮಂಡಳಿಯ ನಿರ್ದೇಶಕ ಬ್ರಿಯಾನ್ ಮಿಕೆಲ್ಸನ್ ಅವರೂ ಹೊತ್ತವರಲ್ಲಿ ಒಬ್ಬರು. ಹೀಗೆ ಉಳಿದವುಗಳಲ್ಲಿ ಪಿ. ಎಸ್. ಕ್ರೋಯರ್ ಎಂಬ ಕಲಾವಿದ 1895ರಲ್ಲಿ ಬರೆದ, ಸುಮಾರು ನಾಲ್ಕು ಮೀಟರ್ ಅಗಲದ ಚಿತ್ರವೊಂದಿದೆ. ಬೋರ್ಸೆನ್ ಹಜಾರದಲ್ಲಿ ಕರಿಯ ಕೋಟು ಧರಿಸಿ ನಿಂತ ಅಂದಿನ ವರ್ತಕರು, ಉದ್ಯಮಿಗಳು, ಸಾಹುಕಾರರ ಗುಂಪುಚಿತ್ರ ಅದು. ಅಟ್ಟಣಿಗೆಯ ಎದುರು ನಿಂತಾಗ ನಮ್ಮಲ್ಲೊಬ್ಬರು, “ನಮ್ಮ ಕಟ್ಟಡದಲ್ಲಿ ಬೆಂಕಿ ಬಿದ್ದರೆ ನಾವು ಮೊದಲು ಏನನ್ನು ಹೊತ್ತು ತರುತ್ತೇವೆ?” ಎಂದು ಕೇಳಿದರು. ಯಾರಿಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಸದಸ್ಯತ್ವದ ರಿಜಿಸ್ಟರ್ ಎಂದರು ಒಬ್ಬರು, ಹಳೆಯ ಅಧ್ಯಕ್ಷರ ಭಾವಚಿತ್ರಗಳು ಎಂದರು ಇನ್ನೊಬ್ಬರು. ಬೋರ್ಸೆನ್ ಅನ್ನು ಮೊದಲಿದ್ದಂತೆಯೇ ಕಟ್ಟಬೇಕೆಂಬ ನಿರ್ಧಾರವನ್ನು ಮಂಡಳಿ ಕೈಗೊಂಡಿದ್ದು, ಪುನರ್ನಿರ್ಮಾಣ ನಡೆದಿದೆ. ಹೊಸ ಡ್ರ್ಯಾಗನ್‌ಗಳು ಮೇಲೇರುವುದನ್ನು ನೋಡಲು ಇನ್ನೊಮ್ಮೆ ಹೋಗಬೇಕು.

ಬೋರ್ಸೆನ್‌ನ ಸೇತುವೆಯನ್ನು ದಾಟಿದರೆ ಕ್ರಿಶ್ಚಿಯನ್ಸ್‌ಹವ್ನ್. ಇಲ್ಲಿ ಭಾರತದ ನೆನಪು ಎದುರಾಗುತ್ತದೆ. ಅದೇ ನಾಲ್ಕನೆಯ ಕ್ರಿಶ್ಚಿಯನ್ 1616ರಲ್ಲಿ ಡೇನಿಷ್ ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟ. 1620ರಲ್ಲಿ ಓವೆ ಗ್ಯೆಡ್ಡೆ ಎಂಬ ನೌಕಾಧಿಕಾರಿ ತಂಜಾವೂರಿನ ರಘುನಾಥ ನಾಯಕನೊಡನೆ ಒಪ್ಪಂದ ಮಾಡಿಕೊಂಡು ತರಂಗಂಬಾಡಿಯಲ್ಲಿ ಕೋಟೆ ಕಟ್ಟಿದ. ಅವರಿಗೆ ಬೇಕಾಗಿದ್ದುದು ಕಾಳುಮೆಣಸು. ಆ ಕಂಪನಿ ನಷ್ಟದಲ್ಲಿ ಮುಳುಗಿತು, ಇನ್ನೊಂದು ಕಂಪನಿ ಬಂದಿತು. 1732ರಲ್ಲಿ ಏಷ್ಯಾಟಿಕ್ ಕಂಪನಿ ಹುಟ್ಟಿತು. ಅದರ ಉಗ್ರಾಣಗಳಿದ್ದ ದಡಕ್ಕೆ ಇಂದಿಗೂ ‘ಏಷ್ಯಾಟಿಸ್ಕ್ ಪ್ಲಾಸ್’ ಎಂಬ ಹೆಸರಿದೆ, ಡೆನ್ಮಾರ್ಕಿನ ವಿದೇಶಾಂಗ ಸಚಿವಾಲಯ ಇರುವುದೂ ಅಲ್ಲಿಯೇ. 1845ರಲ್ಲಿ ಡೇನರು ತರಂಗಂಬಾಡಿಯನ್ನೂ ಬಂಗಾಳದ ಸೆರಾಂಪುರವನ್ನೂ ಆಂಗ್ಲರಿಗೆ ಮಾರಿ ಕೈತೊಳೆದುಕೊಂಡರು. ಆಗಿನ ನಂಟು ಈಗ ದಿಕ್ಕು ಬದಲಿಸಿದೆ. ಈ ನಗರದ ಎಸ್ಪ್ಲನಾಡೆನ್ ಬೀದಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಮೇರ್ಸ್ಕ್ ಸಂಸ್ಥೆಯ ಪೆಟ್ಟಿಗೆಗಳಲ್ಲಿ ನಮ್ಮ ಸದಸ್ಯರ ಸರಕು ಎಷ್ಟೋ ಬಾರಿ ಹೋಗಿರಬಹುದು. ಗುಜರಾತಿನ ಪಿಪಾವಾವ್ ಬಂದರನ್ನು ನಡೆಸುತ್ತಿರುವುದೂ ಅದೇ ಸಮೂಹ. ಇನ್ಸುಲಿನ್ ತಯಾರಿಕೆಗೆ ಹೆಸರಾದ ನೋವೋ ನಾರ್ಡಿಸ್ಕ್ ಸಂಸ್ಥೆಯ ದೊಡ್ಡ ಸೇವಾಕೇಂದ್ರ ಬೆಂಗಳೂರಿನಲ್ಲಿದೆ.

ಮೇರ್ಸ್ಕ್ ಮಾತು ಬಂದಾಗ ಎದುರು ದಡದ ಒಪೇರಾ ಭವನವನ್ನೂ ಹೇಳಬೇಕು. ಆ ಕುಟುಂಬದ ಪ್ರತಿಷ್ಠಾನ ಅದನ್ನು ಪೂರ್ತಿಯಾಗಿ ಕಟ್ಟಿಸಿ ದೇಶಕ್ಕೆ ದಾನವಾಗಿ ಕೊಟ್ಟಿತು, 2005ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಮುಂಭಾಗದ ಗಾಜಿಗೆ ಉಕ್ಕಿನ ಅಡ್ಡಪಟ್ಟಿಗಳು ಇರಬೇಕೇ ಬೇಡವೇ ಎಂಬುದರಲ್ಲಿ ಹಣ ಕೊಟ್ಟ ಮೇರ್ಸ್ಕ್ ಮ್ಯಾಕ್‌ಕಿನಿ ಮೋಲರ್ ಅವರಿಗೂ ವಾಸ್ತುಶಿಲ್ಪಿ ಹೆನ್ನಿಂಗ್ ಲಾರ್ಸನ್ ಅವರಿಗೂ ಜಗಳವಾಯಿತು. ಅಡ್ಡಪಟ್ಟಿಗಳು ಇಂದಿಗೂ ಅಲ್ಲಿಯೇ ಇವೆ. ಗೆದ್ದವರು ಯಾರೆಂದು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗಾಡಿಯಿಲ್ಲದ ಬೀದಿ

ಎರಡನೆಯ ದಿನ ಸ್ಟ್ರೋಯೆಟ್. ಪುರಭವನದ ಚೌಕದಿಂದ ಕೊಂಗೆನ್ಸ್ ನ್ಯೂಟೋರ್ವ್ ವರೆಗೆ ಸುಮಾರು 1.1 ಕಿಲೋಮೀಟರ್ ಉದ್ದದ ಅಂಗಡಿ ಬೀದಿ. 1962ರ ನವೆಂಬರ್ 17ರಂದು ಇಲ್ಲಿ ವಾಹನ ಸಂಚಾರವನ್ನು ಪ್ರಾಯೋಗಿಕವಾಗಿ ನಿಲ್ಲಿಸಲಾಯಿತು. ಅಂಗಡಿಯವರು ಉಗ್ರವಾಗಿ ವಿರೋಧಿಸಿದರು. ಕಾರು ಬಾರದಿದ್ದರೆ ಗಿರಾಕಿ ಬಾರನು ಎಂಬುದು ಮುಖ್ಯ ವಾದ. ನಾವು ಇಟಲಿಯವರಲ್ಲ, ಈ ಚಳಿ ಮಳೆಯಲ್ಲಿ ಬೀದಿಯಲ್ಲಿ ಅಡ್ಡಾಡುವ ಸ್ವಭಾವ ನಮ್ಮದಲ್ಲ ಎಂಬುದು ಇನ್ನೊಂದು ವಾದ. ಯೋಜನೆಯನ್ನು ಮುಂದಿಟ್ಟ ನಗರಾಡಳಿತದ ಆಲ್ಫ್ರೆಡ್ ವಾಸ್ಸಾರ್ಡ್ ಅವರಿಗೆ ಬೆದರಿಕೆಗಳೂ ಬಂದವು. ಆದರೆ ಜನ ಬಂದರು, ವ್ಯಾಪಾರ ಕುದುರಿತು. ಎರಡು ವರ್ಷಗಳ ನಂತರ 1964ರಲ್ಲಿ ವ್ಯವಸ್ಥೆಯನ್ನು ಶಾಶ್ವತಗೊಳಿಸಲಾಯಿತು. ಯಾನ್ ಗೇಲ್ ಎಂಬ ವಾಸ್ತುಶಿಲ್ಪಿ ಈ ಬೀದಿಗಳಲ್ಲಿ ನಿಂತು, ಎಷ್ಟು ಮಂದಿ ನಡೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ ಎಂದು ವರ್ಷಗಟ್ಟಲೆ ಎಣಿಸಿದರು. ಆ ಎಣಿಕೆಯಿಂದಲೇ ಅವರ ಹೆಸರು ಜಗತ್ತಿಗೆ ಪರಿಚಿತವಾಯಿತು.

ಈ ಕಥೆಯನ್ನು ಮಾರ್ಗದರ್ಶಿಗಳು ಇಲ್ಲಿಗೇ ನಿಲ್ಲಿಸುತ್ತಾರೆ. ಬೀದಿಯ ಉದ್ದಕ್ಕೂ ನಡೆದಾಗ ಇನ್ನೊಂದು ಮಗ್ಗುಲೂ ಕಾಣುತ್ತದೆ. ಇಂದು ಅಲ್ಲಿ ಎದ್ದು ಕಾಣುವುದು ಜಗತ್ತಿನ ಎಲ್ಲ ದೊಡ್ಡ ನಗರಗಳಲ್ಲಿಯೂ ಕಾಣುವ ಅವೇ ಬ್ರ್ಯಾಂಡ್‌ಗಳ ಮಳಿಗೆಗಳು. ಕೈಗವಸು, ಗಡಿಯಾರ, ಬಳಸಿದ ಪುಸ್ತಕ ಮಾರುವ ಸಣ್ಣವರನ್ನು ಕಾಣಬೇಕಾದರೆ ಪಕ್ಕದ ಓಣಿಗಳಿಗೆ ತಿರುಗಬೇಕು. ಬೀದಿ ಗೆದ್ದಿತೆಂಬುದು ನಿಜ, ಬೀದಿಯಲ್ಲಿದ್ದವರೆಲ್ಲ ಗೆದ್ದರೆಂದು ನನಗೆ ತೋರಲಿಲ್ಲ. ನಮ್ಮ ಪೇಟೆಬೀದಿಗಳಲ್ಲಿ ವಾಹನ ನಿಷೇಧದ ಮಾತು ಬಂದಾಗ ಸ್ಟ್ರೋಯೆಟ್ ಉದಾಹರಣೆಯನ್ನು ಕೊಡುವ ಅಧಿಕಾರಿಗಳಿಗೆ, ಬಾಡಿಗೆಯ ವಿಷಯವನ್ನೂ ವಿಚಾರಿಸಿರೆಂದು ನಮ್ಮ ಸದಸ್ಯರು ಹೇಳುವುದು ಒಳಿತು. ಸರಕು ಇಳಿಸುವ ವೇಳೆಯನ್ನೂ ಕೇಳಬೇಕು.

ಮಧ್ಯಾಹ್ನದ ಊಟಕ್ಕೆ ನೋರಪೋರ್ಟ್ ನಿಲ್ದಾಣದ ಬಳಿಯ ತೋರ್ವೆಹಾಲರ್ನೆ ಎಂಬ ಗಾಜಿನ ಮಾರುಕಟ್ಟೆ ಅನುಕೂಲಕರ. 1889ರಿಂದ 1958ರವರೆಗೆ ಈ ಪ್ರದೇಶದಲ್ಲಿ ತರಕಾರಿಯ ಸಗಟು ಮಂಡಿ ಇತ್ತು. ಮಂಡಿ ಊರ ಹೊರಗೆ ಹೋದ ಮೇಲೆ ಬಹುಕಾಲ ವಾಹನ ನಿಲುಗಡೆಯ ಜಾಗವಾಗಿದ್ದು, 2011ರಲ್ಲಿ ಮತ್ತೆ ಮಾರುಕಟ್ಟೆ ತೆರೆಯಿತು. ಸಸ್ಯಾಹಾರಿಗಳು ಹಸಿವಿನಿಂದ ಬಳಲಬೇಕಾಗಿಲ್ಲ. ಕರಿಯ ರೈ ಬ್ರೆಡ್ಡಿನ ಮೇಲೆ ಬೇಯಿಸಿದ ಆಲೂಗಡ್ಡೆಯ ಬಿಲ್ಲೆಗಳನ್ನಿಟ್ಟು ಕೊಡುವುದು ಇಲ್ಲಿನ ಹಳೆಯ ಪದ್ಧತಿ. ಆದರೆ ಮೇಲೆ ಏನು ಉದುರಿಸುತ್ತಾರೆಂದು ಕೇಳಿಯೇ ತಿನ್ನಬೇಕು, ಹಂದಿಮಾಂಸದ ಚೂರು ಇರುವುದುಂಟು. ಜಗತ್ತೆಲ್ಲ ‘ಡೇನಿಷ್’ ಎಂದು ಕರೆಯುವ ಪದರಪದರದ ಸಿಹಿ ತಿನಿಸನ್ನು ಡೇನರು ಮಾತ್ರ ‘ವಿಯೆನ್ನಾ ಬ್ರೆಡ್’ ಎನ್ನುತ್ತಾರೆ. ನಲ್ಲಿಯ ನೀರು ಕುಡಿಯಲು ಯೋಗ್ಯ. ಬಾಟಲಿಯ ನೀರು ಕೊಂಡರೆ ಬೆಲೆಯ ಜೊತೆ ಬಾಟಲಿಗೆಂದು ಒಂದರಿಂದ ಮೂರು ಕ್ರೋನ್ ಠೇವಣಿ ಸೇರುತ್ತದೆ, ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸು. ನಮ್ಮ ಗೋಲಿಸೋಡಾ ಕಾಲದ ಪದ್ಧತಿಯನ್ನೇ ಇವರು ಯಂತ್ರಕ್ಕೆ ಒಪ್ಪಿಸಿದ್ದಾರೆ.

ಜಲಕನ್ಯೆಯ ಪ್ರತಿಮೆಯನ್ನೂ ನೋಡಿದೆವು. ಎತ್ತರ 1.25 ಮೀಟರ್, ಸುತ್ತ ನೂರಾರು ಕ್ಯಾಮೆರಾ. ಹೆಚ್ಚು ಬರೆಯುವಂಥದ್ದಿಲ್ಲ. ಅದನ್ನು 1913ರಲ್ಲಿ ನಗರಕ್ಕೆ ಕೊಟ್ಟವರು ಕಾರ್ಲ್ ಯಾಕೋಬ್ಸನ್, ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಸ್ಥಾಪಕರ ಮಗ. ಆ ಕಾರ್ಖಾನೆಯ ಕಥೆ ಪ್ರತಿಮೆಗಿಂತ ಸ್ವಾರಸ್ಯಕರ. ತಂದೆ ಜೆ. ಸಿ. ಯಾಕೋಬ್ಸನ್ 1847ರಲ್ಲಿ ಕಾರ್ಖಾನೆ ತೆರೆದು, ಅದಕ್ಕೊಂದು ಪ್ರಯೋಗಾಲಯವನ್ನೂ ಸೇರಿಸಿದರು. ಆ ಕಾಲದಲ್ಲಿ ಬಿಯರ್ ಕೆಡುವುದು ಎಲ್ಲ ತಯಾರಕರ ತಲೆನೋವಾಗಿತ್ತು. ಅಲ್ಲಿನ ವಿಜ್ಞಾನಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ 1883ರಲ್ಲಿ ಶುದ್ಧವಾದ ಒಂದೇ ತಳಿಯ ಯೀಸ್ಟ್ ಬೆಳೆಸುವ ವಿಧಾನವನ್ನು ಕಂಡುಹಿಡಿದರು. ಯಾಕೋಬ್ಸನ್ ಅದನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಇತರ ತಯಾರಕರಿಗೂ ಉಚಿತವಾಗಿ ಕೊಟ್ಟರು. 1909ರಲ್ಲಿ ಅದೇ ಪ್ರಯೋಗಾಲಯದ ಎಸ್. ಪಿ. ಎಲ್. ಸೋರೆನ್ಸನ್ ಪಿ.ಎಚ್. ಮಾಪಕವನ್ನು ರೂಪಿಸಿದರು. ನಮ್ಮ ಬಣ್ಣದ ಘಟಕಗಳಲ್ಲಿ, ಲೇಪನ ಘಟಕಗಳಲ್ಲಿ, ತ್ಯಾಜ್ಯನೀರು ಶುದ್ಧೀಕರಣದ ದಿನಚರಿ ಪುಸ್ತಕದಲ್ಲಿ ಪ್ರತಿದಿನ ಬರೆಯುವ ಆ ಅಂಕಿ ಒಂದು ಬಿಯರ್ ಕಾರ್ಖಾನೆಯಲ್ಲಿ ಹುಟ್ಟಿದ್ದೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಹಡಗು ಕಾಯುವುದಿಲ್ಲ

ಈಗ ಆ ನಾಲ್ವರ ವಿಷಯ. ಹಡಗು ಹೊರಡುವುದು ಸಂಜೆ ಐದಕ್ಕೆ. ಅವರ ವಿಮಾನ ಬೆಳಿಗ್ಗೆ ಒಂಬತ್ತಕ್ಕೆ ಇಳಿಯಬೇಕಿತ್ತು. ನಡುವಿನ ನಿಲ್ದಾಣದಲ್ಲಿ ತಡವಾಗಿ, ಎರಡನೆಯ ವಿಮಾನ ತಪ್ಪಿ, ಕೊನೆಗೆ ಮಧ್ಯಾಹ್ನ ಎರಡೂವರೆಗೆ ಬಂದಿಳಿದರು. ಪೆಟ್ಟಿಗೆಗಳು ಬರಲಿಲ್ಲ. ಕೌಂಟರಿನಲ್ಲಿ ದೂರು ಬರೆಸಿಕೊಡುವಾಗ ‘ಮುಂದಿನ ವಿಳಾಸ’ ಎಂಬ ಜಾಗದಲ್ಲಿ ಏನು ಬರೆಯಬೇಕೆಂಬುದೇ ತಿಳಿಯದೆ ಹದಿನೈದು ನಿಮಿಷ ಕಳೆದರು. ಹಡಗಿಗೆ ವಿಳಾಸವೆಲ್ಲಿ? ಮುಖ್ಯ ಪ್ರಯಾಣಿಕರ ಪಟ್ಟಿ ಹೊರಡುವ ಬಹಳ ಮೊದಲೇ ಮುಚ್ಚುತ್ತದೆ, ಆಮೇಲೆ ಬಂದವರನ್ನು ಹತ್ತಿಸುವುದಿಲ್ಲ. ಟ್ಯಾಕ್ಸಿಯಿಂದ ಇಳಿದು ಓಡಿಬಂದಾಗ ದ್ವಾರ ಮುಚ್ಚಲು ಹತ್ತು ನಿಮಿಷ ಮಾತ್ರ ಇತ್ತು. ಆ ಮನೆಯ ಯಜಮಾನರ ರಕ್ತದೊತ್ತಡದ ಮಾತ್ರೆಗಳು ಬಾರದ ಪೆಟ್ಟಿಗೆಯಲ್ಲಿದ್ದವು. ಹಡಗಿನ ವೈದ್ಯರ ಶುಲ್ಕವೇ ಕೋಪನ್‌ಹೇಗನ್ನಿನ ಒಂದು ರಾತ್ರಿಯ ಹೋಟೆಲ್ ಬಾಡಿಗೆಯನ್ನು ಮೀರಿತು. ಪೆಟ್ಟಿಗೆಗಳು ನಾರ್ವೆಯ ಎರಡನೆಯ ಬಂದರಿನಲ್ಲಿ ಕೈಸೇರಿದವು. ಅಷ್ಟರವರೆಗೆ ಆ ದಂಪತಿಗಳು ನಮ್ಮೆಲ್ಲರ ಬಟ್ಟೆಗಳಲ್ಲಿ ಓಡಾಡಿದರು.

ಆದ್ದರಿಂದ ಹೊರಡಲಿರುವ ಸದಸ್ಯರ ಗಮನಕ್ಕೆ ಕೆಲವು ಮಾತು. ಔಷಧಿ, ಒಂದು ಜೊತೆ ಬಟ್ಟೆ, ಕಾಗದಪತ್ರಗಳನ್ನು ಕೈಚೀಲದಲ್ಲಿಯೇ ಇಡಬೇಕು. ಹಡಗಿನ ಮಾರ್ಗಪಟ್ಟಿಯನ್ನೂ ಪ್ರತಿ ಬಂದರಿನ ಏಜೆಂಟರ ವಿವರವನ್ನೂ ಮುದ್ರಿಸಿ ಇಟ್ಟುಕೊಂಡರೆ ಮೇಲಿನ ಪ್ರಸಂಗದಲ್ಲಿ ನೆರವಾಗುತ್ತದೆ. ಡೆನ್ಮಾರ್ಕ್, ನಾರ್ವೆ, ಸ್ವೀಡನ್, ಫಿನ್ಲೆಂಡ್, ಎಸ್ಟೋನಿಯಾ ಎಲ್ಲವೂ ಷೆಂಗೆನ್ ವೀಸಾದ ವ್ಯಾಪ್ತಿಯಲ್ಲಿವೆ. ಹಡಗು ಬ್ರಿಟನ್ನಿನ ಬಂದರನ್ನು ಮುಟ್ಟಿ ಮರಳುವುದಾದರೆ ಬ್ರಿಟನ್ನಿನ ವೀಸಾ ಪ್ರತ್ಯೇಕ, ಷೆಂಗೆನ್ ವೀಸಾ ಬಹುಪ್ರವೇಶದ್ದಾಗಿರಬೇಕು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ವೀಸಾಕ್ಕೆ ಕಡ್ಡಾಯ. ಅದು ಹಡಗಿನ ಮೇಲಿನ ಚಿಕಿತ್ಸೆಗೂ ಅನ್ವಯಿಸುತ್ತದೆಯೇ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು ಹಾಗೂ ಭಾವಚಿತ್ರ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಬಂದಿರುವುದರಿಂದ ಸರತಿಯ ಸಾಲಿಗೂ ವೇಳೆ ಇಟ್ಟುಕೊಳ್ಳಬೇಕು. ದೊಡ್ಡ ಹಡಗುಗಳು ಊರ ಉತ್ತರದ ಓಷನ್‌ಕಾಯ್ ಕಟ್ಟೆಯಲ್ಲಿ ನಿಲ್ಲುತ್ತವೆ, ಕೆಲವು ಜಲಕನ್ಯೆಯ ಸಮೀಪದ ಲ್ಯಾಂಗೆಲಿನಿಯಲ್ಲಿ. ಎರಡರ ನಡುವೆ ಸಾಕಷ್ಟು ಅಂತರವಿದೆ. ಟ್ಯಾಕ್ಸಿಯವನಿಗೆ ಹಡಗಿನ ಹೆಸರು ಹೇಳಿದರೆ ಸಾಲದು, ಕಟ್ಟೆಯ ಹೆಸರನ್ನೂ ಹೇಳಬೇಕು.

ಹಡಗು ಹೊರಟಿತು. ಬಲಗಡೆ ಸಮುದ್ರದ ನಡುವೆ ಬಿಲ್ಲಿನಂತೆ ಬಾಗಿದ ಸಾಲಿನಲ್ಲಿ ಇಪ್ಪತ್ತು ಗಾಳಿಯಂತ್ರಗಳು. ಮಿಡ್ಡೆಲ್‌ಗ್ರುಂಡೆನ್ ಎಂಬ ಈ ವಿದ್ಯುತ್ ಸ್ಥಾವರವನ್ನು 2000ದಲ್ಲಿ ಕಟ್ಟಿದಾಗ ಅರ್ಧದಷ್ಟು ಪಾಲು ಒಂದು ಸಹಕಾರ ಸಂಘದ್ದು. ಎಂಟು ಸಾವಿರಕ್ಕೂ ಹೆಚ್ಚು ಸಾಮಾನ್ಯ ನಾಗರಿಕರು ಷೇರು ಕೊಂಡು ಸದಸ್ಯರಾಗಿದ್ದರು. ಹಾಲಿನ ಡೇರಿಯನ್ನು ಸಹಕಾರದಲ್ಲಿ ನಡೆಸಿದ ದೇಶದವರಿಗೆ ಗಾಳಿ ಕಷ್ಟವಾಗಲಿಲ್ಲ.

ರಾತ್ರಿ ಒಂಬತ್ತರ ಸೂರ್ಯ ಇನ್ನೂ ಮೇಲಿರುವಂತೆಯೇ ಕಡಲು ಕಿರಿದಾಗುತ್ತ ಬಂದಿತು. ಎಡಕ್ಕೆ ಹೆಲ್ಸಿಂಗೋರ್ ಊರಿನ ಕ್ರೋನ್‌ಬೋರ್ಗ್ ಕೋಟೆ, ಬಲಕ್ಕೆ ಕೂಗಳತೆಯಲ್ಲೆಂಬಂತೆ ಸ್ವೀಡನ್. ಹ್ಯಾಮ್ಲೆಟ್ ನಾಟಕದ ಕೋಟೆ ಇದೇ ಎಂದು ಧ್ವನಿವರ್ಧಕದಲ್ಲಿ ಹೇಳಿದರು. ಕೋಟೆಯ ನಿಜವಾದ ಉದ್ಯೋಗವನ್ನು ಹೇಳಲಿಲ್ಲ. ಹದಿನೈದನೆಯ ಶತಮಾನದಿಂದ 1857ರವರೆಗೆ ಈ ಇಕ್ಕಟ್ಟಿನ ಮೂಲಕ ಹಾಯುವ ಪ್ರತಿ ವಿದೇಶಿ ಹಡಗೂ ಇಲ್ಲಿ ನಿಂತು ಡೆನ್ಮಾರ್ಕಿನ ದೊರೆಗೆ ಸುಂಕ ಕಟ್ಟಬೇಕಿತ್ತು. ಕಟ್ಟದಿದ್ದರೆ ಕೋಟೆಯ ಫಿರಂಗಿ. ಮೊದಲು ಹಡಗಿಗಿಷ್ಟೆಂದು ಇದ್ದದ್ದು ಹದಿನಾರನೆಯ ಶತಮಾನದಲ್ಲಿ ಸರಕಿನ ಮೇಲೆ ವಿಧಿಸುವಂತಾಯಿತು. ಸರಕಿನ ಬೆಲೆಯನ್ನು ಹಡಗಿನ ಒಡೆಯನೇ ಬರೆದುಕೊಡಬೇಕು. ಅಧಿಕಾರಿಗಳು ಪೆಟ್ಟಿಗೆ ಬಿಚ್ಚಿ ತೂಗಿ ಅಳೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಒಂದೇ ಒಂದು ಷರತ್ತು: ಬರೆದುಕೊಟ್ಟ ಬೆಲೆಗೆ ಆ ಸರಕನ್ನು ಕೊಂಡುಕೊಳ್ಳುವ ಹಕ್ಕು ದೊರೆಗೆ ಇರುತ್ತದೆ. ಕಡಿಮೆ ಬರೆದರೆ ಸರಕೇ ಹೋದೀತು, ಹೆಚ್ಚು ಬರೆದರೆ ಸುಂಕ ಹೆಚ್ಚು. ಕೊನೆಗೆ 1857ರಲ್ಲಿ ಯೂರೋಪಿನ ರಾಷ್ಟ್ರಗಳು ಒಟ್ಟಾಗಿ ಡೆನ್ಮಾರ್ಕಿಗೆ ಇಡುಗಂಟು ಕೊಟ್ಟು ಈ ಸುಂಕವನ್ನು ರದ್ದುಗೊಳಿಸಿದವು. ಬೋರ್ಸೆನ್ ವರ್ತಕರ ಕೈಗೆ ಬಂದ ವರ್ಷವೂ ಅದೇ.

ಕಟಕಟೆಗೆ ಒರಗಿ ನಿಂತಿದ್ದ ಹುಬ್ಬಳ್ಳಿಯ ಹಾರ್ಡ್‌ವೇರ್ ವರ್ತಕರೊಬ್ಬರಿಗೆ ಇದನ್ನು ವಿವರಿಸಿದೆ. ಅವರು ಕೋಟೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ಯೋಚಿಸಿದರು. “ಅಲ್ರೀ, ಬಿಲ್ಲಿನಾಗ ಬರದ ದರಕ್ಕ ಮಾಲು ಕೊಟ್ಟು ಹೋಗು ಅಂದ್ರ ಯಾಂವ ಸುಳ್ಳು ಬರೀತಾನ್ರೀ? ಇನ್‌ಸ್ಪೆಕ್ಟರೂ ಬ್ಯಾಡ, ಏನೂ ಬ್ಯಾಡ” ಎಂದರು. ಆಮೇಲೆ ದನಿ ತಗ್ಗಿಸಿ, “ಆದ್ರ ಇದನ್ನ ನಮ್ಮ ಪತ್ರಿಕೆಯೊಳಗ ಬರೀಬ್ಯಾಡ್ರಿ ಮತ್ತ, ಸರಕಾರದವರೂ ಓದ್ತಾರ” ಎಂದು ನಕ್ಕರು.